ಸಾವಿತ್ರಕ್ಕನ ಟೆಂಪರರಿ ಸಿಮೆಂಟು

ಎದುರಿಗೆ ಬಂದವರ ಮುಖ ನೋಡುವ ಮೊದಲು ಸಾವಿತ್ರಕ್ಕ ಅವರ ಹಲ್ಲು ನೋಡುತ್ತಿದ್ದರು. ಹೊನ್ನಾವರದ ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ನಕ್ಕು ಮಾತಾಡಿಸಿದರೆ, ಹೆಸರು ನೆನಪಾಗದಿದ್ದರೂ "ಬಲಗಡೆ ಮೇಲಿನ ದವಡೆ ಅಲ್ವಾ ನೀವು?" ಎಂದು ಗುರುತು ಹಿಡಿಯುತ್ತಿದ್ದರು. ಬೆರಳಿಗೆ ಹತ್ತಿದ ಲವಂಗದೆಣ್ಣೆಯ ವಾಸನೆ ಎಷ್ಟು ಸೋಪು ತಿಕ್ಕಿದರೂ ಹೋಗುತ್ತಿರಲಿಲ್ಲ. "ಬಂಗಡೆ ಸಾರು ಮಾಡಿದ್ರೂ ಲವಂಗ ಹಾಕಿದ್ಯಾ ಅಂತ ಕೇಳ್ತ್ರು ನಮ್ಮನೆಯವ್ರು" ಎಂದು ಹೇಳಿಕೊಂಡು ನಗುತ್ತಿದ್ದರು.

ತೊಂಬತ್ತೆಂಟರಲ್ಲಿ ನಾನು ಹಲ್ಲಿನ ಡಾಕ್ಟರಿಕೆ ಓದಿ ಮುಗಿಸಿ ಹೊನ್ನಾವರದಲ್ಲಿ ಕ್ಲಿನಿಕ್ ತೆರೆದಾಗ ಕೆಲಸ ಕೇಳಿಕೊಂಡು ಬಂದವರು ಅವರು. ಓದಿದ್ದು ಏಳನೇ ಕ್ಲಾಸು. ಕಸ ಗುಡಿಸಲಿ, ಚೀಟಿ ಕೊಡಲಿ ಎಂದು ಸೇರಿಸಿಕೊಂಡೆ. ನನ್ನ ಡಿಗ್ರಿಯ ಸೊಕ್ಕು ಮೊದಲ ಮಳೆಗಾಲದಲ್ಲೇ ಇಳಿಯಿತು.

ಹುಳುಕು ಹಲ್ಲನ್ನು ಪೂರ್ತಿ ಸರಿಮಾಡಲು ಎರಡು ಮೂರು ಸಲ ಬರಬೇಕಾಗುತ್ತದೆ. ಅಲ್ಲಿಯವರೆಗೆ ತೂತಿಗೆ ತಾತ್ಕಾಲಿಕವಾಗಿ ಒಂದು ಸಿಮೆಂಟು ತುಂಬುತ್ತೇವೆ. ಬಿಳಿ ಪುಡಿಯನ್ನು ಲವಂಗದೆಣ್ಣೆಯಲ್ಲಿ ಗಾಜಿನ ಹಲಗೆಯ ಮೇಲೆ ಅರೆದು ಕಲಸುವುದು, ಅಷ್ಟೇ. ಆದರೆ ನಾನು ಕಲಿತದ್ದು ಬಯಲುಸೀಮೆಯ ಒಣಹವೆಯಲ್ಲಿ. ನಮ್ಮ ಕರಾವಳಿಯ ಜೂನ್ ತಿಂಗಳ ತೇವಕ್ಕೂ ಸೆಕೆಗೂ ಅದು ಬಾಯಿಗೆ ಹೋಗುವುದರೊಳಗೆ ಹಲಗೆಯ ಮೇಲೆಯೇ ಬಿಗಿದು ಕಲ್ಲಾಗುತ್ತಿತ್ತು. ಒಂದು ದಿನ ಮೂರು ಸಲ ಕಲಸಿ, ಮೂರು ಸಲ ಕೆರೆದು ಎಸೆದೆ. ಪೇಶೆಂಟು ಬಾಯಿ ತೆರೆದುಕೊಂಡೇ ಕೂತಿದ್ದ.

"ಡಾಕ್ಟ್ರಮ್ಮ, ಸಿಟ್ಟು ಮಾಡ್ಬೇಡಿ. ನಾ ಒಂದ್ಸಲ ನೋಡ್ಲಾ?" ಎಂದರು ಸಾವಿತ್ರಕ್ಕ.

ಹಲಗೆಯನ್ನು ಮಣ್ಣಿನ ಹೂಜಿಗೆ ಒತ್ತಿ ಹಿಡಿದರು. ತಂಪಾದ ಮೇಲೆ ಸೀರೆಯ ಸೆರಗಿಗೆ ಕೈ ಹಾಕಿ, ನನ್ನ ಮುಖ ನೋಡಿ ಬಿಟ್ಟು, ಹೊಸ ಬಟ್ಟೆಯಲ್ಲಿ ಒಂದು ಹನಿಯೂ ಉಳಿಯದ ಹಾಗೆ ಒರೆಸಿದರು. ಪುಡಿಯನ್ನು ಚಿಟಿಕೆ ಚಿಟಿಕೆಯಾಗಿ ಎಳೆದುಕೊಂಡು ಕಲಸಿದರು. "ಚಕ್ಕುಲಿ ಹಿಟ್ಟಿನ ಹದ. ಕೈಗೆ ಹತ್ತಬಾರ್ದು, ಒಡೀಲೂಬಾರ್ದು" ಎಂದರು. ಸಿಮೆಂಟು ಬೆಣ್ಣೆಯಂತೆ ಹೋಗಿ ಕೂತಿತು. ಅವತ್ತೇ ಕಸ ಗುಡಿಸಲು ಬೇರೆಯವರನ್ನು ಹುಡುಕಿದೆ.

ಟೆಂಪರರಿ ಸಿಮೆಂಟಿನದು ಒಂದೇ ತೊಂದರೆ. ಹಾಕಿದ ಕೂಡಲೇ ನೋವು ಹೋಗುತ್ತದೆ. ನೋವು ಹೋದರೆ ನಮ್ಮವರ ಲೆಕ್ಕದಲ್ಲಿ ರೋಗವೇ ಹೋಯಿತು. ಮತ್ತೆ ಈ ಕಡೆ ತಲೆ ಹಾಕಿದರೆ ಕೇಳಿ. ಎರಡು ವಾರದ ಸಿಮೆಂಟನ್ನು ಎರಡು ವರ್ಷ ಬಾಯಲ್ಲಿಟ್ಟುಕೊಂಡು, ಕೆನ್ನೆ ಊದಿಸಿಕೊಂಡು ಬಂದವರನ್ನು ನಾನು ಕಂಡಿದ್ದೇನೆ. ಸಾವಿತ್ರಕ್ಕ ಅದಕ್ಕೆ ಬಿಡುತ್ತಿರಲಿಲ್ಲ. ಕಂಡಕ್ಟರರು, ಮೀನು ಮಾರುವ ಹೆಂಗಸರು, ಮಾವಿನಕುರ್ವೆಯ ದೋಣಿಯವರು, ಎಲ್ಲರೂ ಅವರ ಅಂಚೆಯವರೇ. ತುಂಬಿದ ಬಸ್ಸಿನ ಕಿಟಕಿಗೆ ಮುಖ ಹಾಕಿ, "ಮಾಸ್ತರ್ರಿಗೆ ಹೇಳು, ಅವ್ರ ಹಲ್ಲು ಅರ್ಧಕ್ಕೇ ನಿಂತದೆ ಅಂತ" ಎಂದು ಹೇಳುವರು. ಮಾಸ್ತರರು ನಾಚಿಕೆಗಾದರೂ ಮರುದಿನ ಬರುತ್ತಿದ್ದರು. ಭಟ್ಕಳದ ಹಿರಿಯ ಡಾಕ್ಟರೊಬ್ಬರು, "ನಿಮ್ಮ ಪೇಶೆಂಟುಗಳೆಲ್ಲ ವಾಪಸ್ ಬರ್ತಾರಂತಲ್ಲ, ಅದು ಹೇಗೆ?" ಎಂದು ನನ್ನನ್ನೇ ಕೇಳಿದ್ದುಂಟು. ಕ್ಲಿನಿಕ್ಕಿನಲ್ಲಿ ಸಾವಿತ್ರಕ್ಕ ಇದ್ದಾರೆ ಎಂದು ಎದೆಯುಬ್ಬಿಸಿ ಹೇಳಿದ್ದೆ.

ಮಂಕಿಯ ಮಂಜಣ್ಣನವರು ವಾಲಗ ಊದುವವರು. ಬಾವಿಕಟ್ಟೆಯಲ್ಲಿ ಜಾರಿ ಬಿದ್ದು ಮೇಲಿನ ಮುಂದಿನ ಹಲ್ಲು ಮುರಿದು, ಬೇರಿನವರೆಗೆ ಕೀವಾಗಿತ್ತು. ಬೇರೊಬ್ಬರು ಕಿತ್ತುಬಿಡೋಣ ಎಂದಿದ್ದರಂತೆ. "ಹಲ್ಲು ಹೋದ್ರೆ ತುಟಿಗೆ ಆಧಾರ ಇಲ್ಲ ಡಾಕ್ಟ್ರಮ್ಮ. ಗಾಳಿ ಸೋರ್ತದೆ. ನಂಗೆ ಬೇರೆ ಕೆಲ್ಸ ಬತ್ತಿಲ್ಲ" ಎಂದು ಕೈಮುಗಿದರು. ಬೇರಿನ ಚಿಕಿತ್ಸೆ ಶುರುಮಾಡಿ, ಸಿಮೆಂಟು ಹಾಕಿ, ಎರಡು ವಾರದೊಳಗೆ ಬರಲೇಬೇಕು, ಇಲ್ಲದಿದ್ದರೆ ಹಲ್ಲು ಉಳಿಯುವುದಿಲ್ಲ ಎಂದು ಕಳಿಸಿದೆ. ನೋವು ಹೋಯಿತು. ಲಗ್ನದ ಸೀಸನ್ನು ಬಂತು. ಮಂಜಣ್ಣ ನಾಪತ್ತೆ.

ಹದಿನೈದನೇ ದಿನ ಬೆಳಿಗ್ಗೆ ಸಾವಿತ್ರಕ್ಕ ಸುದ್ದಿ ತಂದರು. "ಇವತ್ತು ಮುರ್ಡೇಶ್ವರದ ಹತ್ರ ಮದುವೆಲಿ ಊದ್ತ್ರಂತೆ. ನಡೀರಿ."

"ಅವರಿಗೇ ಬೇಡದಿದ್ದರೆ ನಮಗೇನು ಸಾವಿತ್ರಕ್ಕ?" ಎಂದೆ. ನನಗೆ ಸಿಟ್ಟು ಬಂದಿತ್ತು.

"ಅವ್ರಿಗೆ ಬೇಡ ಅಂದ್ರೆ ಆತಾ? ನಾಳೆ ಗಾಳಿ ಸೋರ್ತದೆ ಅಂತ ಅಳುವವ್ರು ಯಾರು?" ಎನ್ನುತ್ತ ಗಾಜಿನ ಹಲಗೆ, ಪುಡಿ, ಎಣ್ಣೆ, ಹತ್ತಿ, ಚಿಮಟ ಎಲ್ಲವನ್ನೂ ಸ್ಟೀಲಿನ ಡಬ್ಬಿಗೆ ತುಂಬಿದರು. ಬಾಗಿಲು ಹಾಕಿ ಬಸ್ಸು ಹತ್ತಿದೆವು.

ಧಾರೆ ಮುಗಿದು ಊಟಕ್ಕೆ ಎಲೆ ಹಾಕುತ್ತಿದ್ದರು. ಮಂಜಣ್ಣನವರನ್ನು ಸಾವಿತ್ರಕ್ಕ ಕೈಹಿಡಿದು ಅಡುಗೆಮನೆಯ ಹಿಂದಿನ ಬಾವಿಯ ಹತ್ತಿರ ಕುರ್ಚಿಯ ಮೇಲೆ ಕೂರಿಸಿದರು. ಸಿಮೆಂಟಿನ ಅಂಚು ಒಡೆದು ಅರ್ಧ ಉದುರಿತ್ತು. ಇನ್ನು ನಾಲ್ಕು ದಿನ ಬಿಟ್ಟಿದ್ದರೆ ಕೀಳುವುದೇ ಗತಿ. ನಾನು ಹಲ್ಲು ತೊಳೆದು ಒಣಗಿಸುವಷ್ಟರಲ್ಲಿ ಸಾವಿತ್ರಕ್ಕ ಬಾವಿನೀರಿನ ಕೊಡಕ್ಕೆ ಹಲಗೆ ಒತ್ತಿ, ಒರೆಸಿ, ಕಲಸಿ ಮುಗಿಸಿದ್ದರು. ಸೌಟು ಹಿಡಿದ ಅಡುಗೆಯವರೆಲ್ಲ ಸುತ್ತ ನಿಂತು ನೋಡಿದರು. ಹುಡುಗಿಯ ಅಪ್ಪ ಓಡಿಬಂದು, "ಮದುವೆಮನೆಲಿ ಇದೆಂತ ಮಾಡ್ತ್ರಿ ನೀವು?" ಎಂದರು.

"ನಿಮ್ಮ ಮಗ್ಳನ್ನ ಕಳಿಸೂಕೆ ವಾಲಗ ಬೇಡ್ವಾ? ಅದ್ಕೇ. ಒಂದು ತಾಸು ಇವ್ರು ಊದೂಹಾಗಿಲ್ಲ, ಅನ್ನನೂ ತಿನ್ನೂಹಾಗಿಲ್ಲ" ಎಂದು ಸಾವಿತ್ರಕ್ಕ ಅಲ್ಲೇ ಕಾವಲು ಕೂತರು. ಮದುಮಗಳು ಒಂದು ತಾಸು ಕಾದಳು. ಆಮೇಲೆ ಮಂಜಣ್ಣ ಊದಿದ್ದನ್ನು ನಾನು ಊಟದ ಎಲೆಯ ಮುಂದೆ ಕೂತು ಕೇಳಿದೆ. ಒಂದು ಸ್ವರವೂ ಸೋರಲಿಲ್ಲ. ಮುಂದಿನ ವಾರ ಅವರಾಗಿಯೇ ಬಂದರು. ಚಿಕಿತ್ಸೆ ಮುಗಿಸಿ ಹಲ್ಲಿಗೆ ಕ್ಯಾಪು ಹಾಕಿದೆ.

ಎರಡು ಸಾವಿರದ ಆರರ ಮಳೆಗಾಲದಲ್ಲಿ ಜ್ವರ ಬಂದು ಸಾವಿತ್ರಕ್ಕ ಎಂಟೇ ದಿನಕ್ಕೆ ಹೋಗಿಬಿಟ್ಟರು. ನನ್ನ ಕೈಯೇ ಮುರಿದ ಹಾಗಾಯಿತು. ಅವರ ಮನೆಯ ಅಂಗಳದ ತುಂಬ ಜನ ಕೊಡೆ ಹಿಡಿದು ನಿಂತಿದ್ದರು, ಅರ್ಧಕ್ಕರ್ಧ ನೆಂಟರಲ್ಲದವರು. ಮುಂಬೈಯಿಂದ ಬಂದ ಅವರ ತಮ್ಮ, ಒದ್ದೆಯಾಗಿ ನಿಂತ ಮಂಜಣ್ಣನವರ ಗುರುತು ಸಿಗದೆ, "ನೀವು ಅಕ್ಕಂಗೆ ಎಂತ ಆಗ್ಬೇಕು?" ಎಂದು ಕೇಳಿದರು.

ಮಂಜಣ್ಣ ಮೇಲಿನ ತುಟಿಯನ್ನು ಬೆರಳಿನಿಂದ ಎತ್ತಿ, ಹಲ್ಲು ತೋರಿಸಿ, "ಇದು ಅವ್ರದ್ದು" ಎಂದರು.

ಆ ತಮ್ಮ ನನ್ನ ಕಡೆ ನೋಡಿದರು. ಕ್ಯಾಪು ಹಾಕಿದವಳು ನಾನು. ಆದರೂ ಹೌದೆಂದು ತಲೆಯಾಡಿಸಿದೆ.