ಸಂಗಮದ ಆಚೆ ದಡದಲ್ಲಿ ಒಂದು ಸಂಜೆ

ಚನ್ನಪಟ್ಟಣದ ಬಸ್ ನಿಲ್ದಾಣದ ಎದುರಿನಿಂದ ನಮ್ಮ ಪ್ರವಾಸದ ಬಸ್ಸು ಹೊರಟಾಗ ಬೀದಿ ದೀಪಗಳು ಇನ್ನೂ ಆರಿರಲಿಲ್ಲ. ಒಂದು ದಿನದ ಪ್ರವಾಸ. ತಿಂಡಿ, ಊಟ, ಗೈಡು ಎಲ್ಲ ಸೇರಿ ತಲೆಗೆ ಸಾವಿರದ ಇನ್ನೂರು ರೂಪಾಯಿ. ಬಿಡದಿಯಲ್ಲಿ ತಟ್ಟೆ ಇಡ್ಲಿ, ಮಾಗಡಿ ಕಡೆಯ ಸಾವನದುರ್ಗ, ಕನಕಪುರದಲ್ಲಿ ಊಟ, ಸಂಗಮ, ಮೇಕೆದಾಟು, ಕೊನೆಗೆ ಸಾತನೂರಿನ ಮೇಲೆ ವಾಪಸ್ಸು. ನಾನು ಚನ್ನಪಟ್ಟಣದಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡು ಅರ್ಧ ಆಯಸ್ಸು ಕಳೆದವಳು. ಮೈಸೂರು, ಧರ್ಮಸ್ಥಳ, ತಿರುಪತಿ ಎಲ್ಲ ನೋಡಿದ್ದೇನೆ, ಮೇಕೆದಾಟು ನೋಡಿರಲಿಲ್ಲ. ಐವತ್ತು ಚಿಲ್ಲರೆ ಕಿಲೋಮೀಟರಿನಲ್ಲಿ ಇರುವುದನ್ನು ನೋಡಲು ಯಾರಿಗೆ ತಾನೆ ಅವಸರ?

ಅವಸರ ಇದ್ದದ್ದು ನನ್ನ ಅಕ್ಕ ಪುಟ್ಟತಾಯಮ್ಮನಿಗೆ. ವಿರೂಪಾಕ್ಷಿಪುರದ ಹತ್ತಿರ ಅವಳಿಗೆ ಒಂದಷ್ಟು ರಾಗಿ ಹೊಲವಿದೆ, ಕುರಿ ಮೇಕೆಗಳಿವೆ. ಅವನ್ನು ಬಿಟ್ಟು ಒಂದು ರಾತ್ರಿಯೂ ಹೊರಗೆ ಉಳಿದವಳಲ್ಲ. "ಬೆಳಗ್ಗೆ ಹೋಗಿ ಸಂಜಿಗೆ ಬರಂಗಿದ್ರೆ ಬತ್ತೀನಿ. ಮೇಕೆ ಕಾಯ್ದು ಕಾಯ್ದು ಮುದ್ಕಿ ಆದೆ, ಆ ಮೇಕೆದಾಟು ಎಂಗೈತೆ ಅಂತ ನೋಡ್ಬುಡಾನ ಕಣೆ ರತ್ನ" ಎಂದಿದ್ದಳು. ಅದೊಂದು ರಾತ್ರಿಗೆ ಮಾತ್ರ ಅವನ್ನು ಮಗನಿಗೆ ಒಪ್ಪಿಸಿ ಹಿಂದಿನ ದಿನವೇ ಬಂದು ನಮ್ಮ ಮನೆಯಲ್ಲಿದ್ದು, ನಸುಕಿನಲ್ಲಿ ಎದ್ದು, ಎಣ್ಣೆ ಹಚ್ಚಿ ತಲೆ ಬಾಚಿ, ಮಗ ಕೊಡಿಸಿದ್ದ ಹಸಿರು ಸೀರೆ ಉಟ್ಟು ನನಗಿಂತ ಮುಂಚೆ ಬಾಗಿಲಲ್ಲಿ ನಿಂತಿದ್ದಳು.

ರಾಮನಗರ ದಾಟಿ ಬಸ್ಸು ಮತ್ತೆ ಹೆದ್ದಾರಿಗೆ ಬೀಳುತ್ತಿದ್ದಂತೆ ಗೈಡು ಮೈಕು ಹಿಡಿದು ನಿಂತಳು. ಹೆಸರು ಚೈತ್ರ. ಇಪ್ಪತ್ಮೂರು, ಇಪ್ಪತ್ನಾಲ್ಕರ ಹುಡುಗಿ, ಕನಕಪುರದ ಕಡೆಯ ಹಳ್ಳಿಯವಳು. ಇನ್ನೂ ಹೊಸಬಳು ಎಂದು ಮೈಕಿನ ವೈರನ್ನು ಅವಳು ಬೆರಳಿಗೆ ಸುತ್ತುತ್ತಿದ್ದುದರಲ್ಲೇ ಗೊತ್ತಾಗುತ್ತಿತ್ತು. "ಒಂದೇ ಒಂದು ಮಾತು ಕೇಳ್ಕೊಳ್ಳಿ. ನಾನು ಬನ್ನಿ ಅಂದಾಗ ಎಲ್ರೂ ಬಂದ್ಬಿಡಿ" ಎಂದಳು. ರಾಮನಗರದಲ್ಲಿ ಹತ್ತಿ ಮುಂದಿನ ಸೀಟು ಹಿಡಿದಿದ್ದ ಸಿದ್ದರಾಜು ಎಂಬ ದಪ್ಪ ಮೀಸೆಯ ಗಂಡಸು ಜೋರಾಗಿ ನಕ್ಕ. "ಇಸ್ಕೂಲು ಮೇಡಮ್ಮು ಬಂದವ್ರೆ ಕಣಪ್ಪ!" ಪಕ್ಕದಲ್ಲಿದ್ದ ಅವನ ಹೆಂಡತಿ ಲೀಲಾವತಿ ಅವನ ಮೊಣಕೈ ಹಿಡಿದು ಜಗ್ಗಿದಳು.

ಬಿಡದಿಯ ಇಡ್ಲಿ ಬಿಸಿಯಾಗಿತ್ತು, ಮೇಲೆ ಬೆಣ್ಣೆ ಕರಗುತ್ತಿತ್ತು. ಅಕ್ಕ ಎರಡು ತಿಂದು ಮೂರನೆಯದನ್ನು ಎಲೆಯಲ್ಲಿ ಕಟ್ಟಿಸಿಕೊಂಡಳು. ಅಲ್ಲಿಂದ ಮಂಚನಬೆಲೆ ದಾರಿ ಹಿಡಿದು ಸಾವನದುರ್ಗಕ್ಕೆ ಹೋದೆವು. ಎಷ್ಟು ಎತ್ತರಕ್ಕೆ ಕತ್ತೆತ್ತಿದರೂ ಮುಗಿಯದ ಬೋಳು ಬಂಡೆ. ನಾವಿಬ್ಬರೂ ಬುಡದ ದೇವಸ್ಥಾನದಲ್ಲಿ ಕೈಮುಗಿದು ನೆರಳಲ್ಲಿ ಕುಳಿತೆವು. ಬೆಟ್ಟ ಹತ್ತುವವರು ಮೊದಲ ಬಂಡೆಯ ತನಕ ಹೋಗಿ ಅರ್ಧ ಗಂಟೆಯಲ್ಲಿ ಇಳಿಯಬೇಕೆಂದು ಚೈತ್ರ ಹೇಳಿದ್ದಳು. ಸಿದ್ದರಾಜು ಒಬ್ಬ ಬಿಟ್ಟು ಎಲ್ಲರೂ ಇಳಿದರು. ಅವನು ಫೋನಿಗೂ ಸಿಗದೆ, ಒಂದು ಗಂಟೆಗೂ ಹೆಚ್ಚು ಕಾಯಿಸಿ, ಬೆವರು ಸುರಿಸುತ್ತ ಬಂದ. "ತುದೀಗ್ ಹೋಗ್ದೆ ಇದ್ಮೇಲೆ ಬರೋದ್ಯಾಕಮ್ಮ?" ಎಂದ. ಚೈತ್ರ ಗಡಿಯಾರ ನೋಡಿ ಬಸ್ಸಿನ ಕಡೆ ಕೈ ತೋರಿಸಿದಳು.

ಆ ತಡವೇ ಮುಂದಿನ ಎಲ್ಲಕ್ಕೂ ದಾರಿ ಮಾಡಿತೋ ಏನೋ. ರಾಮನಗರಕ್ಕೆ ಮರಳಿ ಕನಕಪುರ ತಲುಪುವ ಹೊತ್ತಿಗೆ ಊಟದ ಸಮಯ ದಾಟಿತ್ತು. ಮೆಸ್ಸಿನಲ್ಲಿ ಮುದ್ದೆ, ಹುರುಳಿಕಾಳಿನ ಬಸ್ಸಾರು. ಸೆಕೆ ಎಂದರೆ ಸೆಕೆ, ಒಂದು ಎಲೆಯೂ ಅಲುಗುತ್ತಿರಲಿಲ್ಲ. ಉತ್ತರದ ಕಡೆ ಆಕಾಶ ಸೀಸದ ಬಣ್ಣಕ್ಕೆ ತಿರುಗಿತ್ತು. ಚೈತ್ರ ಅನ್ನಕ್ಕೆ ಕೈ ಹಾಕದೆ ಹೊರಗೆ ನಿಂತು ಫೋನು ಮಾಡುತ್ತಿದ್ದಳು. ಬಂದವಳು, "ಮೇಲ್ಗಡೆ ಮಳೆ ಆಗ್ತೈತಂತೆ. ಅರ್ಕಾವತಿಗೆ ನೀರು ಬಂದ್ರೆ ದಾಟೋದು ಕಷ್ಟ. ಸಂಗಮ ಮಾತ್ರ ನೋಡ್ಕೊಂಡು ವಾಪಸ್ ಹೋಗೋಣ್ವಾ?" ಎಂದು ಕೇಳಿದಳು.

ಗದ್ದಲ ಎದ್ದಿತು. ಎಲ್ಲರಿಗಿಂತ ಜೋರು ಸಿದ್ದರಾಜು. "ಇಲ್ಲಿ ಒಂದ್ ಹನೀನಾರ ಬಿದ್ದೈತಾ? ಮೇಕೆದಾಟು ಅಂತ ತಾನೆ ನಮ್ಮನ್ನ ಕರ್ಕಂಡ್ ಬಂದಿರದು?" ನಮ್ಮ ಅಕ್ಕನೂ ಸುಮ್ಮನಿರಲಿಲ್ಲ. "ನಾ ಬಂದಿರದೇ ಅದ್ಕೆ ಕಣವ್ವ" ಎಂದಳು ಸಣ್ಣ ದನಿಯಲ್ಲಿ. ಚೈತ್ರ ಅವಳ ಮುಖ ನೋಡಿದಳು. ಮತ್ತೆ ಸಂಗಮದ ತೆಪ್ಪದವನಿಗೆ ಫೋನು ಹಚ್ಚಿದಳು. ನೀರು ಇನ್ನೂ ಮೊಣಕಾಲುದ್ದ ಇದೆ ಎಂದನಂತೆ. "ಸರಿ, ಹೋಗೋಣ. ಆದ್ರೆ ಅಲ್ಲಿ ಅರ್ಧ ಗಂಟೆ ಅಷ್ಟೆ."

ಸಂಗಮದಲ್ಲಿ ಅರ್ಕಾವತಿ ತಿಳಿಯಾಗಿ ಕಲ್ಲುಗಳ ನಡುವೆ ಹರಿದು ಬಂದು ಕಾವೇರಿಗೆ ಸೇರುತ್ತಿದ್ದಳು. ಮೇಕೆದಾಟಿಗೆ ಹೋಗಬೇಕಾದರೆ ಈ ಅರ್ಕಾವತಿಯನ್ನು ದಾಟಬೇಕು, ಆಚೆ ದಡದಿಂದ ಕಾಡಿನೊಳಗೆ ನಾಲ್ಕು ಕಿಲೋಮೀಟರ್ ಇನ್ನೊಂದು ಬಸ್ಸಿನಲ್ಲಿ ಹೋಗಬೇಕು. ನಮ್ಮ ಬಸ್ಸು, ಡ್ರೈವರ್ ನಂಜುಂಡಣ್ಣ ಈಚೆ ದಡದಲ್ಲೇ ಉಳಿದರು. ತೆಪ್ಪವೆಂದರೆ ಬಿದಿರಿನ ದುಂಡನೆ ಬುಟ್ಟಿ, ತಳಕ್ಕೆ ಟಾರು ಬಳಿದದ್ದು. ಅಕ್ಕ ಕಣ್ಣು ಮುಚ್ಚಿ ಕುಳಿತಳು. ಆಚೆ ದಡ ಮುಟ್ಟಿದ ಮೇಲೆ, "ಇಷ್ಟೇಯಾ?" ಎಂದು ನಕ್ಕಳು.

ಆಚೆಯ ಬಸ್ಸಿಗೆ ಕಿಟಕಿ ಗಾಜುಗಳಿರಲಿಲ್ಲ. ಕಾಡುದಾರಿಯಲ್ಲಿ ಅದು ನಮ್ಮನ್ನು ಮೊರದಲ್ಲಿ ಹಾಕಿ ಕೇರಿದಂತೆ ಕೇರಿತು. ಮೇಕೆದಾಟಿನಲ್ಲಿ ಆ ಅಷ್ಟಗಲದ ಕಾವೇರಿ ಒಂದು ಕಲ್ಲಿನ ಓಣಿಯೊಳಗೆ ನುಗ್ಗಿ ಕೆಳಗೆಲ್ಲೋ ಗುಡುಗುತ್ತಿದ್ದಳು. ಬಂಡೆಗಳಲ್ಲಿ ನೀರು ಕೊರೆದ ಗುಂಡಿಗಳು, ಒಂದೊಂದೂ ಒರಳಿನಷ್ಟು ನುಣುಪು. ಅಕ್ಕ ಅಂಚಿನಿಂದ ದೂರ ನಿಂತು ಈ ದಡ ಆ ದಡ ಅಳೆದು ನೋಡಿದಳು. "ಸುಳ್ಳು ಕಣೆ. ಯಾವ ಮೇಕೇನೂ ಇದ ಹಾರಾಕಿಲ್ಲ" ಎಂದಳು. ಇನ್ನೊಂದು ಸಲ ಅಳೆದು ನೋಡಿ, "ಹಿಂದ್ಗಡೆ ಚಿರ್ತೆ ಬಂದಿದ್ರೆ ಹಾರಿರ್ಬೌದು" ಎಂದಳು. ಅವಳ ಮುಖ ಅಷ್ಟು ಹಗುರಾಗಿದ್ದುದನ್ನು ನಾನು ನೋಡಿ ಬಹಳ ವರ್ಷವಾಗಿತ್ತು.

ಈ ಸಲ ಚೈತ್ರ ಕರೆದಾಗ ಎಲ್ಲರೂ ಬಂದರು. ಆದರೂ ಸಂಗಮಕ್ಕೆ ಮರಳಿದಾಗ ನದಿ ಬೇರೆಯದಾಗಿತ್ತು. ನೀರು ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಬರುವಾಗ ನಾವು ಕಾಲಿಟ್ಟು ಇಳಿದಿದ್ದ ಕಲ್ಲುಗಳು ಕಾಣಿಸುತ್ತಿರಲಿಲ್ಲ. ಚೈತ್ರ ಮಕ್ಕಳಿದ್ದವರನ್ನು ಮೊದಲು ಕಳಿಸಿದಳು. ತೆಪ್ಪಗಳು ನೇರ ಹೋಗದೆ ಓರೆಯಾಗಿ ಜಾರಿ ಬಹಳ ಕೆಳಗೆ ದಡ ಮುಟ್ಟುತ್ತಿದ್ದವು. ಅಕ್ಕನನ್ನು ಎರಡು ಸಲ ಕರೆದರೂ ಅವಳು ನನ್ನ ಸೆರಗು ಬಿಡಲಿಲ್ಲ, "ಕಡೇಲಿ ಹೋಗಾನ, ಒಸಿ ಇಳೀಲಿ" ಎಂದಳು. ಲೀಲಾವತಿ ಹತ್ತಿದ ತೆಪ್ಪದಲ್ಲಿ ಸಿದ್ದರಾಜುವಿಗೆ ಜಾಗ ಸಾಲಲಿಲ್ಲ. ನಮ್ಮನ್ನು ಕರೆದೊಯ್ಯಲು ಕೊನೆಯದಾಗಿ ಬಂದ ಅಂಬಿಗ ಮುನಿಯಪ್ಪ ಇಳಿದವನೇ ತೆಪ್ಪವನ್ನು ದಡಕ್ಕೆ ಎಳೆದು, ಮಗುಚಿ, ಮರಕ್ಕೆ ಕಟ್ಟಿಬಿಟ್ಟ.

ನಾನು, ಅಕ್ಕ, ಚೈತ್ರ, ಸಿದ್ದರಾಜು, ಕಾಡಿನ ಬಸ್ಸಿನ ಡ್ರೈವರು ಮತ್ತು ಮುನಿಯಪ್ಪ ಇಷ್ಟೇ ಜನ ಆಚೆ ದಡದಲ್ಲಿ ಉಳಿದೆವು.

"ಹಾಕು ತೆಪ್ಪಾನ" ಎಂದ ಸಿದ್ದರಾಜು.

"ಆಗಾಕಿಲ್ಲ ಸಾಮಿ. ಮರ ತೇಲ್ಕಂಡ್ ಬತ್ತಾವೆ. ಒಂದು ಬಡುದ್ರೆ ಮುಗೀತು" ಎಂದ ಮುನಿಯಪ್ಪ.

"ಅಲ್ನೋಡ್ಲಾ, ನನ್ ಹೆಂಡ್ರು ಅಳ್ತಾ ನಿಂತವ್ಳೆ!"

ನಿಜ. ಲೀಲಾವತಿ ಅಲ್ಲಿ ಬಾಯಿ ಬಡಿದುಕೊಳ್ಳುತ್ತಿದ್ದಳು. ನೀರಿನ ಸದ್ದಿಗೆ ಕೂಗು ಮಾತ್ರ ಕೇಳುತ್ತಿರಲಿಲ್ಲ. ಚೈತ್ರ ಮುಂದೆ ಬಂದು, "ಮುನಿಯಪ್ಪಣ್ಣ ಹೇಳೋವರ್ಗೂ ಯಾರೂ ನೀರಿಗಿಳಿಯಂಗಿಲ್ಲ ಸಾರ್" ಎಂದಳು. ಸಿದ್ದರಾಜು ಅವಳ ಮುಖಕ್ಕೆ ಬೆರಳು ತೋರಿಸಿ, "ನಿನ್ ಮಾತು ಕೇಳ್ಕಂಡ್ ಕುಂತ್ರೆ ಇಲ್ಲೇ ಸಾಯ್ಬೇಕು" ಎಂದ. ಪಂಚೆಯನ್ನು ಎತ್ತಿ ಕಟ್ಟಿ ನೀರಿಗೆ ನಡೆದೇ ಬಿಟ್ಟ. ಬರುವಾಗ ಮೊಣಕಾಲುದ್ದ ನೋಡಿದ್ದನಲ್ಲ, ಈಗಲೂ ಸೊಂಟ ದಾಟಲಿಕ್ಕಿಲ್ಲ ಎಂದುಕೊಂಡನೋ ಏನೋ.

ನಾಲ್ಕಾರು ಹೆಜ್ಜೆ ಹೋದ. ಮರುಕ್ಷಣ ಅವನ ತಲೆ ಮಾತ್ರ ಕಂಡಿತು, ಆಮೇಲೆ ಅದೂ ಇಲ್ಲ. ಅಕ್ಕ "ಅಯ್ಯೋ ಶಿವನೇ" ಎಂದು ಕಿರುಚಿದಳು. ಸ್ವಲ್ಪ ಕೆಳಗೆ ದಡದಿಂದ ನೀರಿಗೆ ಬಾಗಿದ್ದ ಹೊಂಗೆಮರದ ಬೇರಿಗೆ ಅವನ ಕೈ ಸಿಕ್ಕಿತ್ತು. ಮುನಿಯಪ್ಪ ತೆಪ್ಪದ ಹಗ್ಗ ಬಿಚ್ಚಿಕೊಂಡು ಓಡಿದ, ಹಿಂದೆಯೇ ಚೈತ್ರ, ಬಸ್ಸಿನ ಡ್ರೈವರು. ಹಗ್ಗವನ್ನು ಮರಕ್ಕೆ ಸುತ್ತಿ ಮುನಿಯಪ್ಪ ಬೇರಿನ ಮೇಲೆ ಮಲಗಿಕೊಂಡು ತುದಿಯನ್ನು ಎಸೆದ. ಮೊದಲ ಸಲ ಸಿಗಲಿಲ್ಲ. ಎರಡನೆಯ ಸಲ ಸಿದ್ದರಾಜು ಅದನ್ನು ಕೈಗೆ ಸುತ್ತಿಕೊಂಡ. ನಾವೂ ಸೇರಿ ಎಳೆದೆವು. ನನ್ನ ಅಂಗೈ ಸುಲಿದು ಹೋದದ್ದು ತಿಳಿದದ್ದು ಮಾರನೆಯ ದಿನ ಸೂಜಿ ಹಿಡಿದಾಗ.

ದಡದ ಮೇಲೆ ಅವನು ಕೆಸರು ನೀರು ಕಾರಿ ಮುದುಡಿಕೊಂಡ. ಹಲ್ಲು ಕಟಕಟ ಅನ್ನುತ್ತಿತ್ತು. ಅಕ್ಕ ಅವನ ಪಕ್ಕ ಕುಕ್ಕರುಗಾಲಲ್ಲಿ ಕುಳಿತು ಹೊಸ ಸೀರೆಯ ಸೆರಗಿನಿಂದ ಅವನ ತಲೆ ಒರೆಸತೊಡಗಿದಳು. "ಬುಡಪ್ಪ, ಆಯ್ತು ಬುಡು. ಉಳ್ಕಂಡೆ" ಎನ್ನುತ್ತಿದ್ದಳು. ಅಷ್ಟು ದೊಡ್ಡ ಗಂಡಸು ತಲೆಯೊಡ್ಡಿ ಸುಮ್ಮನೆ ಕುಳಿತಿದ್ದ.

ಹೊತ್ತು ಮುಳುಗಿತು. ಮುನಿಯಪ್ಪ ಗಾಳಿಯನ್ನು ಮೂಸಿದವನಂತೆ ಕತ್ತೆತ್ತಿದ. ಹಿಂದಿನ ಬಿದಿರುಮೆಳೆಯಲ್ಲಿ ಲಟಲಟ ಸದ್ದು. "ಆನೆ. ನೀರಿಗೆ ಬತ್ತಾವೆ. ಬಸ್ ಹತ್ತಿ, ಉಸ್ರು ಬುಡಬ್ಯಾಡಿ" ಎಂದ.

ಬಸ್ಸಿನೊಳಗೆ ಸೀಟುಗಳ ನಡುವೆ ನೆಲದಲ್ಲಿ ಕುಳಿತೆವು. ಗಾಜಿಲ್ಲದ ಕಿಟಕಿಯಲ್ಲಿ ಮೊದಲು ವಾಸನೆ ಬಂತು, ಆಮೇಲೆ ಹೊಟ್ಟೆಯೊಳಗೆ ಗುಡುಗಿದಂತಹ ಸದ್ದು. ಕಪ್ಪು ಬಂಡೆಗಳು ಎದ್ದು ನಡೆದಂತೆ ಒಂದೊಂದಾಗಿ ಬಸ್ಸಿನ ಮಗ್ಗುಲಿಗೇ ಹಾದವು. ನಡುವೆ ಒಂದು ಮರಿ. ಸಿದ್ದರಾಜುವಿಗೆ ಕೆಮ್ಮು ಒತ್ತರಿಸಿ ಬಂತು. ಅವನು ಒದ್ದೆ ಪಂಚೆಯನ್ನು ಬಾಯಿಗೆ ತುರುಕಿಕೊಂಡ, ಕಣ್ಣು ಹೊರಬರುವಂತೆ ತಡೆದುಕೊಂಡ.

ಅದೇ ಹೊತ್ತಿಗೆ ಎದುರು ದಡದಿಂದ ನಮ್ಮ ಪ್ರವಾಸದ ಬಸ್ಸಿನ ಹಾರ್ನ್! ನಾವು ಕಾಣಿಸದೆ ಗಾಬರಿಯಾಗಿ ನಂಜುಂಡಣ್ಣ ಒಂದೇ ಸಮನೆ ಒತ್ತುತ್ತಿದ್ದರು. ದೊಡ್ಡ ಹೆಣ್ಣಾನೆ ಗಕ್ಕನೆ ನಿಂತಿತು. ತಿರುಗಿತು. ಕಿವಿ ಅಗಲವಾಯಿತು. ಮಳೆಗೆ ಟವರು ಕೆಟ್ಟಿತ್ತೋ ಏನೋ, ಯಾರ ಫೋನಿನಲ್ಲೂ ಸಿಗ್ನಲ್ ಇಲ್ಲ, ಆ ದಡಕ್ಕೆ ಹೇಳುವ ದಾರಿಯೇ ಇಲ್ಲ. ಚೈತ್ರ ನನ್ನ ಪಕ್ಕದಲ್ಲೇ ಇದ್ದಳು. "ನಿಲ್ಸಣ್ಣ, ನಿಲ್ಸಣ್ಣ" ಎಂದು ತುಟಿಯಲ್ಲೇ ಜಪಿಸುತ್ತಿದ್ದಳು. ಹಾರ್ನ್ ಮತ್ತೆ ಕೇಳಿಸಿತು. ಆನೆ ಎರಡು ಹೆಜ್ಜೆ ನಮ್ಮ ಕಡೆ ಇಟ್ಟು ಸೊಂಡಿಲಿನಿಂದ ಬಸ್ಸಿನ ಹಿಂಬದಿಯನ್ನು ಸವರಿತು. ಇಡೀ ಬಸ್ಸು ಕಿರ್ರೆಂದಿತು. ನಾನು ಯಾವ ದೇವರನ್ನು ನೆನೆದೆನೋ ನೆನಪಿಲ್ಲ.

ಹಾರ್ನ್ ನಿಂತಿತು. ಅರಣ್ಯ ಇಲಾಖೆಯ ಕಾವಲುಗಾರರೊಬ್ಬರು ಓಡಿಬಂದು ನಂಜುಂಡಣ್ಣನ ಕೈ ಹಿಡಿದರಂತೆ. ಅದು ಆಮೇಲೆ ತಿಳಿದದ್ದು. ಆನೆ ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು, ಮರಿಯನ್ನು ಮುಂದೆ ತಳ್ಳಿಕೊಂಡು ಕಾವೇರಿಯ ಕಡೆ ಇಳಿದುಹೋಯಿತು. ನಾವು ಅಲುಗಾಡಲಿಲ್ಲ. ನೀರು ಇಳಿಯಿತೆಂದು ಮುನಿಯಪ್ಪ ಹೋಗಿ ನೋಡಿ ಬಂದು ಹೇಳುವ ತನಕ ಕಾಲು ಜೋಮು ಹಿಡಿದು ಕುಳಿತೇ ಇದ್ದೆವು.

ಎದುರು ದಡದಲ್ಲಿ ನಂಜುಂಡಣ್ಣ ಬಸ್ಸನ್ನು ನದಿಗೆ ಮುಖ ಮಾಡಿ ನಿಲ್ಲಿಸಿ ದೀಪ ಹಾಕಿದರು. ಆ ಬೆಳಕಿನ ಹಾದಿಯಲ್ಲೇ ಮುನಿಯಪ್ಪ ಹುಟ್ಟು ಹಾಕಿದ. ಅಕ್ಕ ಈ ಸಲ ಕಣ್ಣು ಮುಚ್ಚಲಿಲ್ಲ, ನನ್ನ ಮಣಿಕಟ್ಟನ್ನು ಹಿಡಿದು ದೀಪವನ್ನೇ ನೋಡುತ್ತಿದ್ದಳು. ಚೈತ್ರ ಕೊನೆಯಲ್ಲಿ ಇಳಿದಳು. ಲೀಲಾವತಿ ಗಂಡನ ಭುಜಕ್ಕೆ, ಬೆನ್ನಿಗೆ ಎರಡೂ ಕೈಯಲ್ಲಿ ಗುದ್ದಿ ಗುದ್ದಿ, ಆಮೇಲೆ ಅವನ ಒದ್ದೆ ಅಂಗಿಗೆ ಮುಖ ಒತ್ತಿ ಅತ್ತಳು.

ಬಸ್ಸು ಸಾತನೂರಿನ ದಾರಿ ಹಿಡಿಯಿತು. ಚೈತ್ರ ಮೈಕು ಮುಟ್ಟಲಿಲ್ಲ. ಡ್ರೈವರಿನ ಪಕ್ಕದ ಮೆಟ್ಟಿಲ ಮೇಲೆ, ಎರಡೂ ಕೈಗಳನ್ನು ಮಂಡಿಗಳ ನಡುವೆ ಸಿಕ್ಕಿಸಿಕೊಂಡು ಕುಳಿತಿದ್ದಳು. ಸಿದ್ದರಾಜು ಎದ್ದು ಅವಳ ಹತ್ತಿರ ಹೋಗಿ ನಿಂತ, ಮರಳಿ ಹೋದ. ತನ್ನ ಸೀಟಿನ ಮೇಲಿದ್ದ ಹೆಂಡತಿಯ ಶಾಲನ್ನು ತಂದು ಅವಳ ಹೆಗಲಿಗೆ ಹೊದಿಸಿ, ಬಂದು ಕುಳಿತ.

ಸಾತನೂರಿನ ಸರ್ಕಲ್ಲಿನಲ್ಲಿ ಅವಳ ಅಪ್ಪ ಬೈಕು ನಿಲ್ಲಿಸಿಕೊಂಡು ಕಾಯುತ್ತಿದ್ದರು. ತಲೆಗೆ ಟವೆಲ್ ಸುತ್ತಿದ್ದ ತೆಳ್ಳನೆಯ ಮನುಷ್ಯ. ಚೈತ್ರ ಶಾಲನ್ನು ಮಡಚಿ ಲೀಲಾವತಿಗೆ ಕೊಟ್ಟು, ಎಲ್ಲರಿಗೂ ಕೈಮುಗಿದು ಇಳಿದಳು. ಕಿಟಕಿಗಳು ತೆರೆದಿದ್ದವು, ಇಂಜಿನ್ನು ಆರಿತ್ತು. ಅಪ್ಪ ಕೇಳಿದ್ದು ನಮಗೆಲ್ಲ ಕೇಳಿಸಿತು.

"ಯಾಕವ್ವ, ಇಷ್ಟೊತ್ತು?"

"ನೀರು ಒಸಿ ಜಾಸ್ತಿ ಇತ್ತಪ್ಪ" ಎಂದಳು.

ಬಸ್ಸು ಹೊರಟಾಗ ನಾನು ಕಿಟಕಿಯಿಂದ ತಿರುಗಿ ನೋಡಿದೆ. ಅವಳು ಬೈಕಿನ ಹಿಂದೆ ಕುಳಿತು, ಅಪ್ಪನ ಬೆನ್ನಿಗೆ ಹಣೆ ಆನಿಸಿದ್ದಳು.