ಅವ್ವ ಫಟಫಟಿ ಹತ್ತಿದ್ದು

ಈಗಿನವರಿಗೆ ಹೇಳಿದರೆ ನಗುತ್ತಾರೆ. ನಗಲಿ, ನನಗೇನು. ಮಹಾರಾಜರ ಕಾಲದಲ್ಲಿ ಮಾಗಡಿಯ ನಮ್ಮ ಬೀದಿಗೆ ಫಟಫಟಿ ತಂದವನು ನಮ್ಮಣ್ಣ ರುದ್ರಯ್ಯ. ಬೆಂಗಳೂರು ದಂಡಿನ ಬಿಳಿ ದೊರೆಯೊಬ್ಬ ತನ್ನ ಸೀಮೆಗೆ ಹೊರಟಾಗ ಮಾರಿದ ಹಳೆಯ ಮೋಟಾರ್ ಸೈಕಲ್ಲು. ದಿನಸಿ ಅಂಗಡಿಯವನಿಗೆ ಈ ಶೋಕಿ ಯಾಕೆ ಎಂದು ಊರೆಲ್ಲ ಆಡಿಕೊಂಡಿತು. ಶೋಕಿಯೂ ಅಲ್ಲ, ಮಣ್ಣೂ ಅಲ್ಲ. ಅತ್ತಿಗೆ ಗಿರಿಜಾಂಬನ ತಾಯಿ ಸರ್ವಮಂಗಳಮ್ಮ ಸೋಲೂರಿನಲ್ಲಿ ಹಾಸಿಗೆ ಹಿಡಿದಿದ್ದರು. ಎತ್ತಿನ ಗಾಡಿಯಲ್ಲಿ ಹೋದರೆ ರಾತ್ರಿ ಅಲ್ಲೇ ತಂಗಬೇಕು. ಫಟಫಟಿಯಲ್ಲಾದರೆ ಬೆಳಿಗ್ಗೆ ಹೋಗಿ, ತಾಯಿಗೆ ಮೈ ಒರೆಸಿ, ಗಂಜಿ ಕುಡಿಸಿ, ದೀಪ ಹಚ್ಚುವ ಹೊತ್ತಿಗೆ ವಾಪಸು ಬರಬಹುದು. ಅಣ್ಣ ಬಾಯಿಬಿಟ್ಟು ಹೇಳಲಿಲ್ಲ, ಆದರೆ ತಂದದ್ದು ಅದಕ್ಕೇ.

ನಮ್ಮವ್ವ ಚನ್ನಬಸಮ್ಮ, ಅಪ್ಪ ಹೋದ ಮೇಲೆ ಅಂಗಡಿಯನ್ನೂ ಮನೆಯನ್ನೂ ಬರೀ ಗಂಟಲಿನಲ್ಲೇ ನಡೆಸಿದವಳು. ಆ ಗಂಟಲಿಗೆ ನಾವೆಲ್ಲ ನಡುಗುತ್ತಿದ್ದೆವು. ಈಗ ಯಾರಾದರೂ ಹಾಗೆ ಗದರಿಸಬಾರದೇ ಅನ್ನಿಸುತ್ತದೆ. ಒಮ್ಮೆ ಆಡಿದ ಮಾತನ್ನು ಅವಳು ಹಿಂದಕ್ಕೆ ತೆಗೆದುಕೊಂಡವಳಲ್ಲ.

ಗಾಡಿಯ ಹಿಂದಿನ ಸೀಟಿನ ಕೆಳಗೆ ಅಕ್ಕಪಕ್ಕ ಎರಡು ಸ್ಪ್ರಿಂಗು. ಅಣ್ಣ ಒಬ್ಬನೇ ಹೋದರೆ ಸದ್ದಿಲ್ಲ. ಅತ್ತಿಗೆ ಕೂತರೆ ಸಾಕು, ಹಳ್ಳ ಬಂದಾಗಲೆಲ್ಲ ಹಿಂದಿನಿಂದ ಕಿರ್‌ರ್ ಎಂದು ಕಿರುಚುತ್ತಿತ್ತು. ಎಂಜಿನ್ನಿನ ಸದ್ದಿಗೆ ಊರು ಒಗ್ಗಿಹೋಗಿತ್ತು, ಇದಕ್ಕೆ ಮಾತ್ರ ಒಗ್ಗಲಿಲ್ಲ. ಅರಳಿಕಟ್ಟೆಯ ಪೋಲಿಗಳಿಗೆ ಬೇರೆ ಕೆಲಸವೇನಿತ್ತು?

"ರುದ್ರಯ್ಯನ ಎಂಡ್ತಿ ಭಾರ ತಡೀನಾರ್ದೆ ಗಾಡಿ ಅಳ್ತೈತೆ ಕಣ್ಲಾ" ಎಂದು ಕೂಗುತ್ತಿದ್ದರು.

ಅದು ಅವ್ವನ ಕಿವಿಗೆ ಬಿತ್ತು. "ಆ ಸದ್ದು ನಿಲ್ಲೋಗಂಟ ನನ್ನ ಸೊಸೆ ಗಾಡಿ ಹತ್ತಂಗಿಲ್ಲ" ಎಂದುಬಿಟ್ಟಳು.

ಕಮ್ಮಾರ ಮುನಿಶಾಮಯ್ಯ ಬಂದ. ಅವನ ಜೀವಮಾನವೆಲ್ಲ ಎತ್ತಿನ ಗಾಡಿಯಲ್ಲೇ ಕಳೆದಿತ್ತು. ಕಿರುಗುಟ್ಟಿತೆಂದರೆ ಅಚ್ಚಿಗೆ ಎಣ್ಣೆ ಬೇಕು ಎಂದು ಹಿಂದಿನ ಚಕ್ರಕ್ಕೆ ಹರಳೆಣ್ಣೆ ಸುರಿದ. ಅತ್ತಿಗೆಯ ಬದಲು ಸೀಟಿಗೆ ರಾಗಿ ಮೂಟೆ ಕಟ್ಟಿ ಅಣ್ಣ ಕೆರೆ ಏರಿಯ ತನಕ ಹೋಗಿ ಬಂದ. ಚಕಾರವಿಲ್ಲ. ಅತ್ತಿಗೆ ಎಷ್ಟು ಸಂತೋಷದಿಂದ ಹತ್ತಿ ಕೂತಳೋ ಪಾಪ, ಸರಿಯಾಗಿ ಅರಳಿಕಟ್ಟೆಯ ಮುಂದೆಯೇ ಗಾಡಿ ಮೊದಲಿಗಿಂತ ಜೋರಾಗಿ ಕಿರುಚಿತು. ಇಳಿದು, ತಲೆ ತಗ್ಗಿಸಿಕೊಂಡು ಮನೆಗೆ ನಡೆದು ಬಂದಳು. ಆಮೇಲೆ ಪರೀಕ್ಷೆಗೆಂದು ಹಿತ್ತಲಲ್ಲಿ ಕೂರು ಎಂದರೂ ಕೂರಲಿಲ್ಲ.

ರಾಗಿ ಕುಯ್ಲು ಬಂತು. ಊರಿನ ಎತ್ತಿನ ಗಾಡಿಗಳೆಲ್ಲ ಹೊಲದಲ್ಲಿ. ಆಗಲೇ ಸೋಲೂರಿನ ಕಡೆಯ ತೆಂಗಿನಕಾಯಿ ವ್ಯಾಪಾರಿಯೊಬ್ಬ ಅಂಗಡಿಗೆ ಬಂದು ಹೇಳಿದ: "ಸರ್ವಮಂಗಳಮ್ನೋರು ಗುಟುಕು ನೀರೂ ಇಳಿಸ್ತಾ ಇಲ್ಲ. ಮಗಳನ್ನ ಅತ್ತೆ ಮನೇಲಿ ಹೆಂಗೆ ನೋಡ್ಕತಾರೋ, ಯಾಕೆ ಕಳಿಸ್ತಿಲ್ಲವೋ ಅಂತ ಅದೇ ಕೊರಗು."

ಅತ್ತಿಗೆ ಒಲೆಯ ಮುಂದೆ ಸದ್ದಿಲ್ಲದೆ ಅಳುತ್ತಿದ್ದಳು. ನನಗೆ ಅವ್ವನ ಮೇಲೆ ಮೈಯೆಲ್ಲ ಉರಿಯಿತು. ಹೋಗು ಎಂಬ ಒಂದು ಮಾತಿಗೆ ಬಾಯಿ ಸವೆಯುತ್ತಿತ್ತೇ?

ಅವ್ವ ಆ ಮಾತು ಆಡಲೇ ಇಲ್ಲ. ಮುನಿಶಾಮಯ್ಯನಿಗೆ ಹೇಳಿ ಕಳಿಸಿದಳು. "ಗಾಡಿನ ಜಗಲಿ ಹತ್ರಕ್ಕೆ ತಗೊಂಬಾ, ಗಟ್ಟಿಯಾಗಿ ಹಿಡ್ಕೊ" ಎಂದು ಅಣ್ಣನಿಗೆ ಅಂದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಜಗಲಿಯಿಂದ ಸೀಟಿನ ಮೇಲೆ ಜಾರಿ, ಎರಡು ಕಾಲನ್ನೂ ಎಡಗಡೆಗೆ ಇಳಿಬಿಟ್ಟು ಕೂತಳು. ಅಣ್ಣ ಗಾಡಿ ಅಲುಗಿಸಿದ. ಕಿರ್‌ರ್.

"ಸಿಕ್ತು ಬುಡಿ ಸಾವ್ಕಾರ್ರೇ" ಎಂದ ಮುನಿಶಾಮಯ್ಯ. "ಮೂಟೆ ನಟ್ಟನಡುವೆ ಕುಂತಿತ್ತು. ಹೆಂಗಸ್ರು ಕುಂತ್ಕೊಳ್ಳೋದು ಒಂದೇ ಮಗ್ಗುಲಿಗೆ. ಭಾರ ಎಲ್ಲಾ ಎಡಗಡೆ ಸ್ಪ್ರಿಂಗಿಗೇ ಬೀಳ್ತೈತೆ."

ನೆಲಕ್ಕೆ ಮಲಗಿ ನೋಡಿದ. ಆ ಸ್ಪ್ರಿಂಗಿನ ಬೋಲ್ಟು ಸಡಿಲಾಗಿತ್ತು. ಭಾರ ಬಿದ್ದಾಗ ಸ್ಪ್ರಿಂಗು ವಾಲಿ ಪಕ್ಕದ ಕಬ್ಬಿಣಕ್ಕೆ ಉಜ್ಜುತ್ತಿತ್ತು. ಅಷ್ಟರಲ್ಲಿ ಬೀದಿಯೆಲ್ಲ ನಮ್ಮ ಬಾಗಿಲಲ್ಲಿ ನೆರೆದಿತ್ತು, ಅರಳಿಕಟ್ಟೆಯವರೂ ಸೇರಿ.

"ನೋಡ್ಕಳಿ, ಕಣ್ತುಂಬ ನೋಡ್ಕಳಿ" ಎಂದಳು ಅವ್ವ, ಕೂತಲ್ಲಿಂದಲೇ. ಅರಳಿಕಟ್ಟೆಯವರು ಮೆಲ್ಲಗೆ ಹಿಂದಕ್ಕೆ ಸರಿದರು.

ಮುನಿಶಾಮಯ್ಯ ಹಳೆಯ ಎಕ್ಕಡದ ಚರ್ಮ ಕತ್ತರಿಸಿ ನಡುವೆ ಇಟ್ಟು, ಬೋಲ್ಟು ಬಿಗಿದ. ಅಣ್ಣ ಅಲುಗಿಸಿದ, ಸದ್ದಿಲ್ಲ. ಅವ್ವ ಇಳಿದು ಒಳಗೆ ಕೂಗಿದಳು: "ಗಿರಿಜಾ, ಒಲೆ ನಾನು ನೋಡ್ಕತೀನಿ. ಹೊರಡು."

ಸೋಲೂರಿಗೆ ಅವರು ತಲುಪಿದಾಗ ತಾಯಿಗೆ ಇನ್ನೂ ಜ್ಞಾನವಿತ್ತು. ಮಣ್ಣು ಕಾರ್ಯ ಮುಗಿಸಿ ಬಂದ ಅತ್ತಿಗೆ, ಮೊರದಲ್ಲಿ ರಾಗಿ ಕೇರುತ್ತಿದ್ದ ಅವ್ವನ ಪಕ್ಕ ಕೂತು ಹೇಳಿದಳು:

"ನಿಮ್ಮತ್ತೆ ಕಳಿಸಿದ್ಲಾ ಅಂತ ಕೇಳ್ತು ನಮ್ಮವ್ವ. ಗಾಡಿ ರಿಪೇರಿ ಆಗ್ಲಿ ಅಂತ ತಾವೇ ಹತ್ತಿ ಕುಂತಿದ್ರು ಅಂದೆ. ನಗು ಬಂತು ಅದಕ್ಕೆ. ಹಂಗಾರೆ ನಿನ್ನ ಯೋಚ್ನೆ ನನಗಿಲ್ಲ ಅಂತು. ಆಮೇಲೆ ಮಾತಾಡ್ಲಿಲ್ಲ."

ಅವ್ವನ ಕೈಯಲ್ಲಿ ಮೊರ ನಿಂತಿತು.

"ನಾನು ಒಸಿ ಮುಂಚೇನೇ ಹತ್ತಿ ಕುಂತ್ಕಬೇಕಿತ್ತು ಕಣವ್ವ" ಎಂದಳು.