ಡಾಕ್ಟರ ಡ್ರಾಯರಿನ ಚಕ್ಕುಲಿ

ಹಾಸನದಲ್ಲಿ ನಾನು ಬಹಳ ವರ್ಷ ನರ್ಸಾಗಿದ್ದದ್ದು ಒಬ್ಬ ಚರ್ಮದ ಡಾಕ್ಟರ ಹತ್ತಿರ. ಗುಳಿಬಿದ್ದ ಕೆನ್ನೆಗೆ ಫಿಲ್ಲರ್ ಚುಚ್ಚಿ ತುಂಬುವುದರಲ್ಲಿ ಅವರದು ಪಳಗಿದ ಕೈ. ಆದರೆ ಚುಚ್ಚುವುದಕ್ಕಿಂತ, ಎಷ್ಟು ಬೇಕೆಂದು ತೀರ್ಮಾನಿಸುವುದಕ್ಕೇ ಹೆಚ್ಚು ಹೊತ್ತು ಹಿಡಿಯುತ್ತಿತ್ತು. ಬಂದವರನ್ನು ಕಿಟಕಿಯ ಬೆಳಕಿಗೆ ಕೂರಿಸಿ, ಬಿಳಿ ಪೆನ್ಸಿಲಿನಿಂದ ಗುರುತು ಹಾಕಿ, ತಲೆ ಓರೆಮಾಡಿ ನೋಡುತ್ತಿದ್ದರು. ಇನ್ನಷ್ಟು ಹಾಕಿ ಎಂದವರಿಗೆಲ್ಲ ಒಂದೇ ಮಾತು: “ಉಪ್ಪು ಹಾಕ್ದಂಗೆ ಕಣಮ್ಮ. ಸಾಲ್ದಿದ್ರೆ ಆಮೇಲೆ ಹಾಕೋಣ.”

ಒಮ್ಮೆ ಹೊಳೆನರಸೀಪುರದಿಂದ ಒಬ್ಬ ಹೆಂಗಸು ಬಂದರು. ಮಗಳ ಮದುವೆ ಹತ್ತಿರವಿತ್ತು. ಕೇಳಿದ್ದಕ್ಕೆಲ್ಲ ಬರೀ ತಲೆಯಾಡಿಸಿದರು. ಡಾಕ್ಟರು ಎರಡು ಸಿರಿಂಜ್ ಎಂದು ಬರೆದರು. ಸೂಜಿ ಕೆನ್ನೆಯ ಹತ್ತಿರ ಬಂದಾಗ ಆಕೆ, “ಆಮ್ಯಾಕೆ ಅಲ್ಲು ಸೆಟ್ ಆಕ್ಕೋಬೋದಾ ಸಾ?” ಎಂದರು.

ಡಾಕ್ಟರ ಕೈ ನಿಂತಿತು. “ಹಲ್ಲು ಸೆಟ್ಟಾ? ಎಲ್ಲಿದೆ ಅಮ್ಮ?”

“ಬ್ಯಾಗಲ್ಲೈತೆ. ಓದ್ವರ್ಸ ದೊಡ್ಡಾಸ್ಪತ್ರೇಲಿ ಆಪ್ರೇಸನ್ ಟೈಮಲ್ಲಿ ತೆಗುಸಿದ್ರು, ಅದ್ಕೇ ಬಸ್ಸಲ್ಲೇ ತೆಗ್ದ್ಬುಟ್ಟೆ.”

ಹಾಕಿಸಿ ನೋಡಿದರೆ ಕೆನ್ನೆ ಮುಕ್ಕಾಲು ತುಂಬಿತ್ತು. ನಾನು ನಗು ತಡೆದೆ. ಡಾಕ್ಟರು ನಗಲಿಲ್ಲ. ಚೀಟಿಯಲ್ಲಿ ಎರಡು ಎಂದಿದ್ದನ್ನು ಹೊಡೆದುಹಾಕಿ ಅರ್ಧ ಎಂದು ಬರೆದು, “ತಪ್ಪು ನಂದೇ ಕಣಮ್ಮ” ಎಂದರು.

ಮರುದಿನ ಡ್ರಾಯರಿಗೆ ಚಕ್ಕುಲಿ ಡಬ್ಬಿ ಬಂತು. ಹಲ್ಲಿನ ಮಾತೆತ್ತಿ ಯಾರನ್ನೂ ನಾಚಿಸಬಾರದೆಂದು, ಗುರುತು ಹಾಕುವ ಮೊದಲು ಎಲ್ಲರಿಗೂ ಒಂದೊಂದು ಚಕ್ಕುಲಿ. ಸೆಟ್ ತೆಗೆದಿಟ್ಟವರು ಅದನ್ನು ಕಡಿಯಲು ತಾವಾಗಿಯೇ ಹಾಕಿಕೊಳ್ಳುತ್ತಿದ್ದರು.

ಅವರು ಕ್ಲಿನಿಕ್ ಮುಚ್ಚಿ ಮೂರು ವರ್ಷವಾಯಿತು. ಈಗ ನಾನಿರುವ ಕ್ಲಿನಿಕ್ಕಿನಲ್ಲಿ ಕ್ಯಾಮೆರಾ ಮುಖ ನೋಡಿ ಅಳತೆ ಹೇಳುತ್ತದೆ. ಮೊನ್ನೆ ಅರಕಲಗೂಡಿನ ಒಬ್ಬರು ಬಂದು ಕೂತಾಗ ನನ್ನ ಕೈ ತಾನಾಗಿ ಡ್ರಾಯರ್ ಎಳೆಯಿತು. ಒಳಗೆ ಬರೀ ಕೈಗವಸು. “ಒಂದ್ನಿಮ್ಸ ಕೂತ್ಕಳಿ, ಬಂದೆ” ಎಂದು ಎದುರಿನ ಬೇಕರಿಗೆ ಓಡಿದೆ.